ಬಿಡುಗಡೆ ಎಂಬ ಮಾತಿನ ಭಾರ: ತಾಯಿಯ ಸಾವಿನ ನಂತರ ಡರ್ವ್ಲಾ ಮರ್ಫಿ ಹಿಡಿದ ದಾರಿ

ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ತಾಯಿಯೋ ತಂದೆಯೋ ತೀರಿಕೊಂಡ ಮನೆಗೆ ಮಾತನಾಡಿಸಿಕೊಂಡು ಬರಲು ಹೋದವರು, ಅಷ್ಟೂ ಕಾಲ ಆರೈಕೆ ಮಾಡಿದ ಮಗಳ ಕೈ ಹಿಡಿದು, ‘ಅವರಿಗೂ ಬಿಡುಗಡೆ ಆಯಿತು, ನಿನಗೂ ಬಿಡುಗಡೆ ಆಯಿತು’ ಎನ್ನುವುದು ನಮ್ಮಲ್ಲಿ ರೂಢಿ. ಮಾತಿನ ಮೊದಲ ಅರ್ಧಕ್ಕೆ ಮಗಳು ತಲೆಯಾಡಿಸುತ್ತಾಳೆ, ಎರಡನೆಯ ಅರ್ಧಕ್ಕೆ ತಲೆ ತಗ್ಗಿಸುತ್ತಾಳೆ. ಆ ಮಾತು ನಿಜವೆಂದು ಅವಳಿಗೆ ಗೊತ್ತಿರುತ್ತದೆ, ನಿಜವಾಗಿರುವುದರಿಂದಲೇ ಅದು ಚುಚ್ಚುತ್ತದೆ. ಇಂಥ ದುಃಖಕ್ಕೆ ಒಳಗಾದ ಒಬ್ಬ ಮಹಿಳೆ ತನ್ನ ಊರು ಬಿಟ್ಟು, ಭಾಷೆ ಬಾರದ ನಾಡುಗಳನ್ನು ಹಾದು, ನಮ್ಮದೇ ದೇಶದ ಬೆಟ್ಟದ ತಪ್ಪಲಿಗೆ ಬಂದು ಮತ್ತೆ ಬದುಕಿಗೆ ಕೈಹಾಕಿದ ಪ್ರಕರಣವನ್ನು ಇಲ್ಲಿ ಪರಿಶೀಲಿಸಿದ್ದೇನೆ. ಆಕೆ ಐರ್ಲೆಂಡಿನ ಪ್ರವಾಸ ಲೇಖಕಿ ಡರ್ವ್ಲಾ ಮರ್ಫಿ. ಅವರ ಸಾಹಸದ ಬಗ್ಗೆ ಬಹಳ ಜನ ಬರೆದಿದ್ದಾರೆ. ನನ್ನ ಗಮನವಿರುವುದು ಆ ಸಾಹಸಕ್ಕೆ ಮುಂಚಿನ ಹದಿನಾರು ವರ್ಷಗಳ ಮೇಲೆ ಮತ್ತು ಆ ವರ್ಷಗಳು ಪ್ರಯಾಣದ ಒಳಗೆ ಹೇಗೆ ಕರಗಿದವು ಎಂಬುದರ ಮೇಲೆ.

ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಮರ್ಫಿ ಆ ಪ್ರಯಾಣವನ್ನು ದುಃಖ ಮರೆಯುವ ಉಪಾಯವಾಗಿ ಹಮ್ಮಿಕೊಂಡವರಲ್ಲ. ಅದು ಅವರ ಬಾಲ್ಯದ ಕನಸಾಗಿತ್ತು, ಅವರು ಹೇಳಿಕೊಂಡದ್ದೂ ಹಾಗೆಯೇ. ಅದರಲ್ಲಿ ನಾನು ಕಾಣುವ ಚೇತರಿಕೆ ನನ್ನ ಓದು. ಆದರೆ ಆ ಓದಿಗೆ ಆಧಾರವಾದ ಸಂಗತಿಗಳು ಅವರ ಬದುಕಿನಲ್ಲಿ ಎದ್ದು ಕಾಣುವಂತೆಯೇ ಇವೆ.

ಲಿಸ್ಮೋರ್‌ನ ಮನೆ

ಐರ್ಲೆಂಡಿನ ದಕ್ಷಿಣದ ವಾಟರ್‌ಫರ್ಡ್ ಕೌಂಟಿಯಲ್ಲಿ, ಬ್ಲ್ಯಾಕ್‌ವಾಟರ್ ನದಿಯ ದಂಡೆಯ ಮೇಲೆ ಲಿಸ್ಮೋರ್ ಎಂಬ ಚಿಕ್ಕ ಪಟ್ಟಣವಿದೆ. ಡಬ್ಲಿನ್‌ನಿಂದ ಬಂದು ಅಲ್ಲಿ ನೆಲೆಸಿದ ದಂಪತಿಗೆ 1931ರ ನವೆಂಬರ್ 28ರಂದು ಹುಟ್ಟಿದ ಒಬ್ಬಳೇ ಮಗಳು ಡರ್ವ್ಲಾ. ತಂದೆ ಕೌಂಟಿಯ ಗ್ರಂಥಪಾಲಕರಾಗಿದ್ದುದರಿಂದ ಮನೆಯಲ್ಲಿ ಹಣಕ್ಕೆ ಕೊರತೆಯಿದ್ದರೂ ಪುಸ್ತಕಕ್ಕೆ ಕೊರತೆಯಿರಲಿಲ್ಲ. ಮಗು ಇನ್ನೂ ನಡೆಯಲು ಕಲಿಯುವ ವಯಸ್ಸಿನಲ್ಲಿದ್ದಾಗಲೇ ತಾಯಿಗೆ ಕೀಲುಗಳನ್ನು ತಿರುಚಿ ಗಂಟು ಕಟ್ಟಿಸುವ ಸಂಧಿವಾತ ಅಂಟಿಕೊಂಡಿತು. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಇಂದು ಅದನ್ನು ಹತೋಟಿಯಲ್ಲಿಡಲು ಒಳ್ಳೆಯ ಔಷಧಿಗಳಿವೆ. 1930ರ ದಶಕದಲ್ಲಿ ಇರಲಿಲ್ಲ. ಆ ತಾಯಿ ಎದ್ದು ಓಡಾಡಿದ್ದನ್ನು ಮಗಳು ಕಂಡ ನೆನಪೇ ಇಲ್ಲವೆನ್ನಬೇಕು.

ಹತ್ತನೆಯ ಹುಟ್ಟುಹಬ್ಬಕ್ಕೆ ಹುಡುಗಿಗೆ ಎರಡು ಉಡುಗೊರೆಗಳು ಬಂದವು. ಒಂದು ಹಳೆಯ ಸೈಕಲ್, ಇನ್ನೊಂದು ಭೂಪಟಗಳ ಪುಸ್ತಕ. ಕೆಲವೇ ದಿನಗಳಲ್ಲಿ, ಊರ ಹೊರಗಿನ ಕಡಿದಾದ ಏರೊಂದನ್ನು ತುಳಿಯುತ್ತಿರುವಾಗ, ಹೀಗೆಯೇ ತುಳಿಯುತ್ತಾ ಹೋದರೆ ಭಾರತವನ್ನು ಮುಟ್ಟಬಹುದಲ್ಲ ಎಂದು ಅವಳಿಗೆ ಹೊಳೆಯಿತು. ದೊಡ್ಡವರು ನಕ್ಕಾರೆಂದು ಯಾರಿಗೂ ಹೇಳದೆ ಆ ನಿರ್ಧಾರವನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು. ಹದಿನಾಲ್ಕನೆಯ ವಯಸ್ಸಿಗೆ, ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಸಿಗದೆ, ಅವಳನ್ನು ಶಾಲೆಯಿಂದ ಬಿಡಿಸಲಾಯಿತು. ಅಲ್ಲಿಂದ ಮೂವತ್ತರ ವಯಸ್ಸಿನವರೆಗೆ ಎತ್ತುವುದು, ಮಲಗಿಸುವುದು, ತೊಳೆಯುವುದು, ಉಣಿಸುವುದು ಅವಳ ದಿನಚರಿಯಾಯಿತು. ನಡುನಡುವೆ ಬಿಡುವು ದೊರೆತಾಗ, ತಾಯಿಯ ಒತ್ತಾಸೆಯಿಂದಲೇ, ಇಂಗ್ಲೆಂಡ್, ಸ್ಪೇನ್ ಮತ್ತು ಯುರೋಪಿನ ಇತರ ಕಡೆಗಳಲ್ಲಿ ಕೆಲವು ವಾರಗಳ ಸೈಕಲ್ ಪ್ರವಾಸ ಮಾಡಿ ಬಂದದ್ದುಂಟು. ಪ್ರತಿ ಸಲವೂ ಮರಳಿ ಬರುವ ದಿನ ಗೊತ್ತಾಗಿರುತ್ತಿತ್ತು. ತಾಯಿಯ ಕೊನೆಯ ವರ್ಷಗಳಲ್ಲಿ ಕಾಯಿಲೆ ಉಲ್ಬಣಿಸಿದಂತೆ ಆ ಸಣ್ಣ ಬಿಡುವುಗಳೂ ಇಲ್ಲವಾದವು.

ಇಂಥ ಮನೆಗಳು ನಮಗೆ ಹೊಸವಲ್ಲ. ತಂಗಿಯರ ಮದುವೆಯಾಗಿ, ಅಣ್ಣಂದಿರು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಅಪ್ಪ ಅಮ್ಮನ ಜೊತೆ ಉಳಿದ ಒಬ್ಬ ಮಗಳು ನಮ್ಮ ಎಷ್ಟೋ ಮನೆತನಗಳಲ್ಲಿದ್ದಾಳೆ. ‘ಅವಳಿದ್ದಾಳಲ್ಲ, ನೋಡಿಕೊಳ್ಳುತ್ತಾಳೆ’ ಎಂಬ ಒಂದೇ ವಾಕ್ಯದಲ್ಲಿ ಅವಳ ಯೌವನದ ತೀರ್ಮಾನ ಮುಗಿದುಹೋಗಿರುತ್ತದೆ. ಅವಳು ತಾಯಿಯನ್ನು ಪ್ರೀತಿಸುವುದು ನಿಜ, ಆ ಕೋಣೆಯಿಂದ ಓಡಿಹೋಗಬೇಕೆನ್ನಿಸುವುದೂ ನಿಜ. ಎರಡನೆಯದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿಲ್ಲ.

ಮರ್ಫಿಯವರ ತಂದೆ 1961ರಲ್ಲಿ ತೀರಿಕೊಂಡರು, ತಾಯಿ 1962ರಲ್ಲಿ. ಎರಡು ವರ್ಷಗಳ ಒಳಗೆ ಮನೆ ಬರಿದಾಯಿತು. ತಾಯಿಯ ಸಾವು ತಮಗೆ ತಂದದ್ದರಲ್ಲಿ ನಿರಾಳತೆಯೂ ಇತ್ತೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ಈ ಭಾವ ಅಪರೂಪದ್ದಲ್ಲ. ಅಮೆರಿಕದಲ್ಲಿ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಮರೆವಿನ ರೋಗದಿಂದ ಬಳಲುವವರನ್ನು ಮನೆಯಲ್ಲೇ ನೋಡಿಕೊಂಡು ಕೊನೆಗೆ ಕಳೆದುಕೊಂಡ 217 ಮಂದಿಯನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 72ರಷ್ಟು ಮಂದಿ ಆ ಸಾವು ತಮಗೆ ನಿರಾಳವೆನ್ನಿಸಿತೆಂದು ಹೇಳಿದ್ದಾರೆ. ರೋಗಿಗೂ ಅದು ಬಿಡುಗಡೆಯೇ ಎಂದು ನಂಬಿದವರು ಶೇ 90ಕ್ಕಿಂತ ಹೆಚ್ಚು. ನಮ್ಮ ಮನೆಗಳಲ್ಲಿ ಮಾತನಾಡಿಸಲು ಬಂದವರು ಆಡುವ ಮಾತಿನ ಎರಡೂ ಅರ್ಧಗಳು ಆ ಅಂಕಿಗಳಲ್ಲಿವೆ. ಆದರೆ ನಿರಾಳವೆನ್ನಿಸಿದ ಮಾತ್ರಕ್ಕೆ ದುಃಖವಿಲ್ಲವೆಂದಾಗುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ, ಒಂದನ್ನೊಂದು ನಾಚಿಸುತ್ತಿರುತ್ತವೆ. ಆರೈಕೆ ಮಾಡಿದವರ ದುಃಖ ಇತರರದಕ್ಕಿಂತ ಬೇರೆಯಾಗುವುದು ಇಲ್ಲಿಯೇ. ಅವರು ಕಳೆದುಕೊಂಡದ್ದು ಒಬ್ಬ ವ್ಯಕ್ತಿಯನ್ನಷ್ಟೇ ಅಲ್ಲ, ಬೆಳಗಿನಿಂದ ರಾತ್ರಿಯವರೆಗಿನ ಕೆಲಸವನ್ನೂ ಕೂಡ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುವ ಅಭ್ಯಾಸ ಉಳಿದಿರುತ್ತದೆ, ಎದ್ದು ಮಾಡಬೇಕಾದದ್ದು ಏನೂ ಇರುವುದಿಲ್ಲ.

ಹೊರಟದ್ದು

ನಮ್ಮಲ್ಲಾದರೆ ವರ್ಷಾಬ್ದಿಕ ಮುಗಿಯುವ ತನಕ ಶುಭಕಾರ್ಯವಿಲ್ಲ, ಹಬ್ಬವಿಲ್ಲ, ದೂರದ ಯಾತ್ರೆಯನ್ನೂ ಹಿರಿಯರು ಒಪ್ಪುವುದಿಲ್ಲ. ತಿಂಗಳು ತಿಂಗಳು ಮಾಸಿಕ ಮಾಡುತ್ತಾ ದುಃಖಕ್ಕೊಂದು ವೇಳಾಪಟ್ಟಿ ಕೊಡುವ ಆ ಕಟ್ಟಳೆಗೆ ಅದರದೇ ಆದ ವಿವೇಕವಿದೆಯೆಂದು ನಾನು ನಂಬಿದ್ದೇನೆ. ಮರ್ಫಿಯವರ ಹಾದಿ ಅದಕ್ಕೆ ತೀರಾ ಭಿನ್ನವಾಗಿತ್ತು. ತಾಯಿ ತೀರಿಕೊಂಡು ವರ್ಷ ತುಂಬುವ ಮೊದಲೇ, 1963ರ ಜನವರಿ 14ರಂದು, ಮೂವತ್ತೊಂದರ ವಯಸ್ಸಿನಲ್ಲಿ, ಅವರು ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಒಬ್ಬರೇ ಸೈಕಲ್ ಹತ್ತಿ ದೆಹಲಿಯ ಕಡೆಗೆ ಹೊರಟರು. ಆ ಸೈಕಲ್‌ಗೆ ಅವರು ‘ರೋಜ್’ ಎಂದು ಹೆಸರಿಟ್ಟಿದ್ದರು. ಸ್ಪ್ಯಾನಿಷ್ ಕಾದಂಬರಿಯ ನಾಯಕ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರಿನ ಮೊಟಕು ರೂಪವದು. ಏಷ್ಯಾದ ರಸ್ತೆಗಳಲ್ಲಿ ಕೆಟ್ಟರೆ ರಿಪೇರಿ ಮಾಡುವವರು ಸಿಗಲಾರರೆಂದು ಅದರ ಗೇರುಗಳನ್ನು ಬಿಚ್ಚಿಸಿಹಾಕಿದ್ದರು.

ಯುರೋಪಿನಲ್ಲಿ ಹಲವು ದಶಕಗಳಲ್ಲೇ ಕಾಣದಂಥ ಕಡು ಚಳಿಗಾಲ ಅದು. ಯುಗೊಸ್ಲಾವಿಯಾದ ಕಾಡಿನಲ್ಲಿ ತೋಳಗಳು ಮೈಮೇಲೆ ಬಿದ್ದಾಗ ಜೊತೆಯಲ್ಲಿಟ್ಟುಕೊಂಡಿದ್ದ ಸಣ್ಣ ಪಿಸ್ತೂಲಿನಿಂದ ಪಾರಾದರು. ಅಫ್ಘಾನಿಸ್ತಾನದಲ್ಲಿ ಬಸ್ಸಿನಲ್ಲಿ ನಡೆದ ಜಗಳವೊಂದರ ನಡುವೆ ಬಂದೂಕಿನ ಹಿಡಿ ತಗುಲಿ ಪಕ್ಕೆಲುಬುಗಳು ಮುರಿದವು. ಈ ಘಟನೆಗಳನ್ನು ಓದುಗರು ಬಾಯಿ ಚಪ್ಪರಿಸಿ ಹೇಳುತ್ತಾರೆ. ನನಗೆ ಅವುಗಳಿಗಿಂತ ಮುಖ್ಯವೆನ್ನಿಸುವುದು, ಘಟನೆಯೆಂದು ಕರೆಯಲಾಗದ ನೂರಾರು ಸಂಜೆಗಳು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಹಳ್ಳಿಗಳಲ್ಲಿ ಕತ್ತಲಾಗುವ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಬಂದ ಈ ಅಪರಿಚಿತೆಯನ್ನು ಮನೆಯವರೋ ಚಹಾದಂಗಡಿಯವರೋ ಒಳಗೆ ಕರೆದು, ಚಹಾ ಕೊಟ್ಟು, ರೊಟ್ಟಿ ಕೊಟ್ಟು, ಮಲಗಲು ಜಾಗ ತೋರಿಸಿದರು. ಅವರ ಭಾಷೆ ಇವರಿಗೆ ಬರುತ್ತಿರಲಿಲ್ಲ, ಇವರದು ಅವರಿಗೆ ತಿಳಿಯುತ್ತಿರಲಿಲ್ಲ. ಮಾತೆಲ್ಲ ಕೈಸನ್ನೆ, ಕಣ್ಣುಸನ್ನೆಗಳಲ್ಲೇ ನಡೆಯಬೇಕಿತ್ತು. ಡನ್‌ಕರ್ಕ್‌ನಿಂದ ದೆಹಲಿಯವರೆಗಿನ ಆರು ತಿಂಗಳಿಗೆ ಅವರ ಕೈಯಿಂದ ಖರ್ಚಾದದ್ದು ಒಟ್ಟು 64 ಪೌಂಡು, 7 ಷಿಲಿಂಗ್, 10 ಪೆನ್ಸ್. ಅಷ್ಟು ಕಡಿಮೆ ಹಣ ಸಾಲಬೇಕಾದರೆ ಉಳಿದದ್ದನ್ನು ದಾರಿಯ ಜನರೇ ಕೊಟ್ಟಿರಬೇಕಷ್ಟೆ.

ಇದರ ಅರ್ಥವನ್ನು ಆರೈಕೆ ಮಾಡಿದವರ ಕಡೆಯಿಂದ ನೋಡಬೇಕು. ಹದಿನಾಲ್ಕರಿಂದ ಮೂವತ್ತರವರೆಗೆ ತಟ್ಟೆ ಬಡಿಸಿದ ಕೈ ಈಗ ತಟ್ಟೆ ಪಡೆಯುವ ಕೈಯಾಯಿತು. ಹದಿನಾರು ವರ್ಷ ಇನ್ನೊಬ್ಬರ ಹಾಸಿಗೆ ಸರಿಪಡಿಸಿದವಳಿಗೆ ಗುರುತಿಲ್ಲದ ಮುದುಕಿಯೊಬ್ಬಳು ಚಾಪೆ ಹಾಸಿಕೊಟ್ಟಿರಬಹುದು, ಕಂಬಳಿ ಹೊದಿಸಿರಬಹುದು. ಅವಳ ತಾಯಿ ಯಾರು, ಹೇಗೆ ಸತ್ತಳು, ಕೊನೆಗಾಲದಲ್ಲಿ ನೀನು ಚೆನ್ನಾಗಿ ನೋಡಿಕೊಂಡೆಯಾ ಎಂದು ಕೇಳುವ ಭಾಷೆಯೇ ಅಲ್ಲಿರಲಿಲ್ಲ. ಊರಿನಲ್ಲಿದ್ದಿದ್ದರೆ ಎದುರಾದ ಪ್ರತಿಯೊಬ್ಬರೂ ಆಕೆಯನ್ನು ‘ಆ ಕಾಯಿಲೆಯ ಹೆಂಗಸಿನ ಮಗಳು’ ಎಂದೇ ಗುರುತಿಸುತ್ತಿದ್ದರು. ಪರದೇಶದಲ್ಲಿ ಆಕೆ ದಣಿದು ಬಂದ ಅತಿಥಿ, ಅಷ್ಟೇ. ಹೊರದೇಶ ಕೆಲವರಿಗೆ ಮದ್ದಾಗುವುದು ಅಲ್ಲಿನ ನೋಟಗಳಿಂದಲ್ಲ, ಅಲ್ಲಿ ನಮ್ಮ ಕಥೆ ಯಾರಿಗೂ ಗೊತ್ತಿಲ್ಲದಿರುವುದರಿಂದ ಎಂದು ಈ ಪ್ರಕರಣ ನನಗೆ ತಿಳಿಸಿಕೊಟ್ಟಿದೆ.

ಹಾಗೆಂದು ಊರಿನ ಎಳೆ ಕಡಿದುಹೋಗಿರಲಿಲ್ಲ. ದಿನವೂ ದಿನಚರಿ ಬರೆದು, ಅಂಚೆ ಕಚೇರಿ ಸಿಕ್ಕಲ್ಲೆಲ್ಲ ಅದರ ಕಂತುಗಳನ್ನು ಐರ್ಲೆಂಡಿನ ಗೆಳೆಯರಿಗೆ ಕಳುಹಿಸುತ್ತಿದ್ದರು, ಗೆಳೆಯರು ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಹಗಲೆಲ್ಲ ಒಂಟಿಯಾಗಿ ತುಳಿದು, ಸಂಜೆ ಅಪರಿಚಿತರ ನಡುವೆ ಕುಳಿತು, ತನ್ನನ್ನು ಬಲ್ಲವರಿಗೆ ಬರೆಯುವುದು ಅವರ ನಿತ್ಯದ ಕ್ರಮವಾಗಿತ್ತು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಸ್ಖುಟ್ ಎಂಬ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆಯೊಂದು ಇಲ್ಲಿ ನೆನಪಾಗುತ್ತದೆ. ದುಃಖಿಸುವವರು ನಷ್ಟದ ಕಡೆಗೊಮ್ಮೆ, ಹೊಸ ಬದುಕಿನ ಕೆಲಸಗಳ ಕಡೆಗೊಮ್ಮೆ ತುಯ್ಯುತ್ತಿರುತ್ತಾರೆ, ಆ ತೂಗಾಟವೇ ಆರೋಗ್ಯಕರ, ಯಾವುದಾದರೂ ಒಂದು ಕಡೆ ಸಿಕ್ಕಿಕೊಂಡರೆ ತೊಂದರೆ ಎಂಬುದು ಅದರ ಸಾರ. ಪಂಕ್ಚರ್ ಹಾಕಬೇಕು, ನೀರು ಹುಡುಕಬೇಕು, ಕತ್ತಲಾಗುವ ಮೊದಲು ಊರು ಸೇರಬೇಕು ಎಂಬ ಅನಿವಾರ್ಯತೆಗಳಿದ್ದ ಆ ಪ್ರಯಾಣದಲ್ಲಿ ಸಿಕ್ಕಿಕೊಂಡು ನಿಲ್ಲಲು ಅವಕಾಶವೇ ಇರಲಿಲ್ಲ.

ಧರ್ಮಶಾಲೆಯ ಮಕ್ಕಳು

1963ರ ಜುಲೈನಲ್ಲಿ ಅವರು ದೆಹಲಿ ಮುಟ್ಟಿದರು. ಬಾಲ್ಯದ ಗುರಿ ಕೈಗೂಡಿತ್ತು, ಮುಂದೇನೆಂಬುದು ಗೊತ್ತಿರಲಿಲ್ಲ. ಬಿಸಿಲಿಗೆ ದೇಹ ಸೋತಿತ್ತು. ದೊಡ್ಡ ಗುರಿಯನ್ನು ಮುಟ್ಟಿದ ಮರುದಿನ ಮನಸ್ಸು ಕುಸಿಯುವುದುಂಟು. ಒತ್ತಿ ಹಿಡಿದಿದ್ದ ದುಃಖ ಆಗಲೇ ಮೇಲೆ ಬರುತ್ತದೆ. ಈ ಪ್ರಕರಣದ ಮುಖ್ಯ ತಿರುವು ಇಲ್ಲಿದೆಯೆಂದು ನಾನು ಭಾವಿಸುತ್ತೇನೆ. ಅವರು ಮನೆಗೆ ಮರಳಲಿಲ್ಲ, ಮತ್ತೊಂದು ಗುರಿಯನ್ನು ಬೆನ್ನಟ್ಟಲೂ ಇಲ್ಲ. ಹಿಮಾಚಲದ ಧರ್ಮಶಾಲೆಗೆ ಹೋಗಿ ಟಿಬೆಟನ್ ನಿರಾಶ್ರಿತ ಮಕ್ಕಳ ಶಿಬಿರದಲ್ಲಿ ಐದು ತಿಂಗಳು ಸ್ವಯಂಸೇವಕಿಯಾಗಿ ದುಡಿದರು.

ಆ ಶಿಬಿರದ ಹುಟ್ಟನ್ನು ತಿಳಿಯದೆ ಈ ಆಯ್ಕೆಯ ಆಳ ಅರ್ಥವಾಗುವುದಿಲ್ಲ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಬಂದವರಲ್ಲಿ ಅನೇಕರಿಗೆ ಸಿಕ್ಕ ಕೆಲಸ ಬೆಟ್ಟಗಳಲ್ಲಿ ರಸ್ತೆ ಕಡಿಯುವುದು. ಆ ಕೂಲಿ ಬಿಡಾರಗಳಲ್ಲಿ ಮಕ್ಕಳು ಕಾಯಿಲೆಯಿಂದಲೂ ಹಸಿವಿನಿಂದಲೂ ನರಳುತ್ತಿದ್ದರು. 1960ರ ಮೇ 17ರಂದು ಜಮ್ಮುವಿನ ಕಡೆಯ ರಸ್ತೆ ಕೆಲಸದ ಬಿಡಾರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದಿಳಿದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳನ್ನು ನೋಡಿಕೊಳ್ಳಲು ಮುಂದಾದರು. ಮುಂದೆ ಟಿಬೆಟನ್ ಮಕ್ಕಳ ಹಳ್ಳಿ ಎಂದು ಬೆಳೆದ ಸಂಸ್ಥೆಯ ಆರಂಭವದು. ಮಕ್ಕಳ ಸಂಖ್ಯೆ ಜಾಗವನ್ನು ಮೀರಿ ಏರಿತು. ಒಂದೊಂದು ಹಾಸಿಗೆಯಲ್ಲಿ ಐದಾರು ಮಕ್ಕಳು ಅಡ್ಡಲಾಗಿ ಮಲಗುತ್ತಿದ್ದರು. ಕಜ್ಜಿ, ರಕ್ತಭೇದಿ, ಕಿವಿಸೋರಿಕೆ ದಿನನಿತ್ಯದ ಮಾತಾಗಿದ್ದವು. ಹೆತ್ತವರು ಬದುಕಿದ್ದೂ ದೂರದಲ್ಲಿದ್ದವರು, ಹೆತ್ತವರನ್ನು ದಾರಿಯಲ್ಲೇ ಕಳೆದುಕೊಂಡವರು, ಕಳೆದುಕೊಂಡಿದ್ದೇವೆಯೇ ಇಲ್ಲವೇ ಎಂಬುದೂ ಗೊತ್ತಿಲ್ಲದವರು ಆ ಹಾಸಿಗೆಗಳಲ್ಲಿ ಒಟ್ಟಿಗಿದ್ದರು.

ಇದೇ ಕಾಲದಲ್ಲಿ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟು ಟಿಬೆಟನ್ನರನ್ನು ನೆಲೆಗೊಳಿಸಲು ಮುಂದಾಗಿತ್ತು. ಕುಶಾಲನಗರದ ಸೇತುವೆ ದಾಟಿ ಆ ಕಡೆ ಹೋಗುವ ನಮ್ಮ ಪ್ರವಾಸಿಗರು ಚಿನ್ನದ ಬಣ್ಣದ ಮೂರ್ತಿಗಳನ್ನು ನೋಡಿ ಬರುತ್ತಾರೆ. ಅಲ್ಲಿನ ಹಿರಿಯರಲ್ಲಿ ಹೆತ್ತವರಿಂದ ಅಗಲಿ ಬೆಳೆದ ಆ ಕಾಲದ ಮಕ್ಕಳೂ ಇದ್ದಾರೆಂಬುದು ನೆನಪಿರಲಿ.

ಗಾಯ ತೊಳೆಯುವುದು, ಮುಲಾಮು ಹಚ್ಚುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು ಮರ್ಫಿಯವರಿಗೆ ಅಲ್ಲಿ ದೊರೆತ ಕೆಲಸ. ಆ ಮಕ್ಕಳನ್ನು ಅವರು ಅಕ್ಕರೆಯಿಂದ ‘ಟಿಬ್ಲೆಟ್’ಗಳೆಂದು ಕರೆದರು. ಮೇಲ್ನೋಟಕ್ಕೆ ಇದು ಬಿಟ್ಟುಬಂದ ಕೆಲಸದ ಮರುಕಳಿಕೆ. ಹದಿನಾರು ವರ್ಷ ರೋಗಿಯ ಕೋಣೆಯಲ್ಲಿ ಕಳೆದವರು ಸ್ವಾತಂತ್ರ್ಯ ಸಿಕ್ಕ ಮೇಲೆ ಮತ್ತೊಂದು ರೋಗಿಗಳ ಕೋಣೆಗೆ ತಾವಾಗಿ ನಡೆದುಹೋದದ್ದು ವಿಚಿತ್ರವೆನ್ನಿಸಬಹುದು. ನನಗೆ ಅದು ಪ್ರಕರಣದ ಅತ್ಯಂತ ಸಹಜವಾದ ಭಾಗವಾಗಿ ಕಾಣುತ್ತದೆ. ಆರೈಕೆ ಎಂಬುದು ಅವರ ಕೈಗೆ ಬಂದಿದ್ದ ವಿದ್ಯೆ. ಮನೆಯಲ್ಲಿ ಅದು ಹೇರಲ್ಪಟ್ಟಿತ್ತು, ಕೊನೆಯಿರಲಿಲ್ಲ, ಎಷ್ಟು ಮಾಡಿದರೂ ರೋಗಿ ಸಾವಿನ ಕಡೆಗೇ ಹೋಗುತ್ತಿದ್ದರು. ಧರ್ಮಶಾಲೆಯಲ್ಲಿ ಅದನ್ನು ಅವರೇ ಆರಿಸಿಕೊಂಡರು, ಜೊತೆಗೆ ದುಡಿಯುವವರಿದ್ದರು, ಮುಲಾಮು ಹಚ್ಚಿದ ಚರ್ಮ ವಾಸಿಯಾಗುತ್ತಿತ್ತು. ಕೈಯ ಕೆಲಸ ಅದೇ, ಆದರೆ ಸಾವಿನ ಬದಲು ಬೆಳೆಯುವ ಮಕ್ಕಳು ಎದುರಿಗಿದ್ದರು. ತಾಯಿಯನ್ನು ಉಳಿಸಿಕೊಳ್ಳಲಾಗದ ಕೈಗಳು ನಿಷ್ಪ್ರಯೋಜಕವಲ್ಲವೆಂದು ತೋರಿಸಿಕೊಡಲು ಬುದ್ಧಿವಾದಕ್ಕೆ ಸಾಧ್ಯವಿಲ್ಲ, ಇಂಥ ಕೆಲಸಕ್ಕೆ ಸಾಧ್ಯವಿದೆ.

ಒಡನಾಟವೂ ಅವರಿಗೆ ದೊರೆತದ್ದು ಇದೇ ದಾರಿಯಲ್ಲಿ. ದೆಹಲಿಯಲ್ಲಿ ಪರಿಚಯವಾದ ಇಂಗ್ಲಿಷ್ ಲೇಖಕಿ ಪೆನೆಲೋಪಿ ಚೆಟ್‌ವುಡ್, ದಿನಚರಿಯನ್ನು ಲಂಡನ್ನಿನ ಪ್ರಕಾಶಕ ಜಾಕ್ ಮರ್ರಿಯವರಿಗೆ ಕಳುಹಿಸುವಂತೆ ಸೂಚಿಸಿದರು. 1965ರಲ್ಲಿ ಮೊದಲ ಪುಸ್ತಕ ಹೊರಬಂತು. ಅದೇ ವರ್ಷ ಅವರು ಟಿಬೆಟನ್ ನಿರಾಶ್ರಿತರ ಕೆಲಸಕ್ಕೆಂದು ನೇಪಾಳದ ಪೊಖರಾಕ್ಕೆ ಹೋದರು, ಅಲ್ಲಿಂದ ತಾಶಿ ಎಂಬ ಟಿಬೆಟನ್ ನಾಯಿಮರಿಯನ್ನು ಐರ್ಲೆಂಡಿಗೆ ಕರೆತಂದರು. ಯಾರನ್ನೂ ಹುಡುಕಿಕೊಂಡು ಹೊರಡದ ಪ್ರಯಾಣ ಅವರಿಗೆ ಒಬ್ಬ ಪ್ರಕಾಶಕನನ್ನು, ನೂರಾರು ಮಕ್ಕಳನ್ನು, ಒಂದು ನಾಯಿಯನ್ನು, ಬದುಕಿಡೀ ಮಾಡುವಂಥ ವೃತ್ತಿಯನ್ನು ತಂದುಕೊಟ್ಟಿತು.

ಎಲ್ಲರಿಗೂ ಒಗ್ಗುವ ದಾರಿಯೇ

ಈ ಪ್ರಕರಣವನ್ನು ಮಾದರಿಯೆಂದು ಮುಂದಿಡಲು ನನಗೆ ಹಿಂಜರಿಕೆಯಿದೆ. ಮರ್ಫಿಯವರಿಗೆ ಒಂಟಿತನ ಹಿತವಾಗಿತ್ತು. ತಾವು ಧೈರ್ಯವಂತೆಯಲ್ಲ, ಭಯವೇ ಆಗದಿದ್ದ ಮೇಲೆ ಧೈರ್ಯದ ಮಾತೇಕೆ ಎಂಬುದು ಅವರ ನಿಲುವು. ಅವರನ್ನು ಅವಲಂಬಿಸಿದವರು ಯಾರೂ ಉಳಿದಿರಲಿಲ್ಲ, ಕನಸು ಇಪ್ಪತ್ತು ವರ್ಷಗಳಿಂದ ಸಿದ್ಧವಾಗಿತ್ತು. ಒಂಟಿತನವೇ ಕಾಯಿಲೆಯಾಗಿರುವವರು ದುಃಖದ ಮೊದಲ ತಿಂಗಳುಗಳಲ್ಲಿ ಭಾಷೆ ಬಾರದ ದೇಶಕ್ಕೆ ಹೋದರೆ ಅವರ ಸ್ಥಿತಿ ಬಿಗಡಾಯಿಸಲೂಬಹುದು. ಅಂಥವರಿಗೆ ಮಾಸಿಕಕ್ಕೆ ಬಂದು ಕೂರುವ ನಾಲ್ಕು ಜನ ನೆಂಟರೇ ಹೆಚ್ಚಿನ ಆಸರೆ. ಹೊರದೇಶದಲ್ಲಿ ನೆಲೆಸಿದ್ದು, ರಾತ್ರಿ ಬಂದ ಫೋನ್ ಕರೆಯಿಂದ ಸಾವಿನ ಸುದ್ದಿ ತಿಳಿದು, ಕೊನೆಯ ನೀರು ಬಿಡಲೂ ಸಮಯಕ್ಕೆ ಬರಲಾಗದ ನಮ್ಮ ಮಕ್ಕಳ ದುಃಖವಂತೂ ಇದಕ್ಕೆ ತದ್ವಿರುದ್ಧವಾದದ್ದು. ಅವರ ಕೈಗೆ ಆರೈಕೆಯ ದಣಿವಿಲ್ಲ, ಮಾಡಲಿಲ್ಲವೆಂಬ ಕೊರಗಿದೆ. ಅವರಿಗೆ ಬೇಕಾದದ್ದು ಊರಿನಿಂದ ದೂರವಲ್ಲ, ಊರಿಗೆ ಹತ್ತಿರ. ಆದರೂ ಎರಡೂ ಬಗೆಯವರಿಗೆ ಹೊಂದುವ ಒಂದು ಅಂಶ ಧರ್ಮಶಾಲೆಯ ಐದು ತಿಂಗಳಲ್ಲಿದೆಯೆಂದು ನನಗನ್ನಿಸುತ್ತದೆ. ಸಿಯಾಟಲ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಮಗ, ತಾನು ನೋಡಿಕೊಳ್ಳಲಾಗದ ಅಪ್ಪನ ವಯಸ್ಸಿನ ಪಕ್ಕದ ಮನೆಯವರನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಆ ಮುದುಕರ ಜೊತೆಗೆ ಅವನಿಗೂ ಏನೋ ಒದಗುತ್ತದೆ.

ಊರನ್ನು ತೊರೆದವರಲ್ಲ ಮರ್ಫಿ ಎಂಬುದೂ ಗಮನಿಸಬೇಕಾದದ್ದು. ಇಥಿಯೋಪಿಯಾ, ಪೆರು, ಮಡಗಾಸ್ಕರ್ ಎಂದು ಎಲ್ಲೇ ಹೋದರೂ ಮರಳಿದ್ದು ಲಿಸ್ಮೋರ್‌ಗೇ, 2022ರ ಮೇ 22ರಂದು ತೊಂಬತ್ತನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ.

1968ರಲ್ಲಿ ಅವರಿಗೆ ರೇಚಲ್ ಎಂಬ ಮಗಳು ಹುಟ್ಟಿದಳು. ಆಕೆಯನ್ನು ಅವರು ಒಬ್ಬರೇ ಬೆಳೆಸಿದರು, ಮಗು ದೊಡ್ಡದಾಗುವ ತನಕ ದೂರದ ಪ್ರವಾಸಗಳನ್ನು ನಿಲ್ಲಿಸಿದರು. 1973ರ ಕೊನೆಯಲ್ಲಿ, ಮಗಳಿಗೆ ಐದು ತುಂಬುವ ಹೊತ್ತಿಗೆ, ಮೊದಲ ದೊಡ್ಡ ಪ್ರಯಾಣಕ್ಕೆ ಆಕೆಯನ್ನು ಕರೆದುಕೊಂಡು ಹೊರಟದ್ದು ನಮ್ಮ ಕೊಡಗಿಗೆ. ಬೊಂಬಾಯಿಗೆ ಬಂದಿಳಿದು, ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಕ್ಕೆ ಸಾಗಿ ಬಂದ ತಾಯಿ ಮಗಳು ಕೊಡಗಿನ ಕಾಫಿ ತೋಟಗಳ ನಡುವೆ ವಾರಗಟ್ಟಲೆ ಉಳಿದರು. ಮನೆತನದ ಮೂಲಮನೆಯಾದ ಐನ್‌ಮನೆಯ ಬಳಿ ತೀರಿಹೋದ ಹಿರಿಯರಿಗೆಂದು ಕೈಮಡ ಎಂಬ ಗುಡಿ ಕಟ್ಟಿ, ವರ್ಷವರ್ಷವೂ ಅವರಿಗೆ ಮೀದಿ, ಅಂದರೆ ಎಡೆ, ಇಡುವ ನಾಡು ಅದು. ಹತ್ತು ವರ್ಷಗಳ ಹಿಂದೆ ಯಾರ ಮಗಳಾಗಿಯೂ ಉಳಿಯದೆ ಭಾರತಕ್ಕೆ ಬಂದವರು ಈ ಸಲ ಒಬ್ಬ ಹುಡುಗಿಯ ಅಮ್ಮನಾಗಿ ಬಂದಿದ್ದರು.

ತಾಯಿಯ ಬಗ್ಗೆ, ಆ ಕೋಣೆಯ ಬಗ್ಗೆ, ಹದಿನಾರು ವರ್ಷಗಳ ಪ್ರೀತಿ ಮತ್ತು ಸಿಟ್ಟಿನ ಬಗ್ಗೆ ಅವರು ಬರೆದ ಆತ್ಮಕಥೆ ಪ್ರಕಟವಾದದ್ದು 1979ರಲ್ಲಿ. ಅಷ್ಟರೊಳಗೆ ಹಲವು ದೇಶಗಳ ಬಗ್ಗೆ ಬರೆದು ಮುಗಿಸಿದ್ದರು. ಲಿಸ್ಮೋರ್‌ನ ಮನೆಯಲ್ಲಿ ನಡೆದದ್ದನ್ನು, ಸಾವು ತಂದ ನಿರಾಳವನ್ನೂ ಸೇರಿಸಿ, ತಲೆ ತಗ್ಗಿಸದೆ ಹೇಳಲು ಅವರಿಗೆ ಹದಿನೇಳು ವರ್ಷ ಬೇಕಾಯಿತು.